ಬಿಸಿಲು ದುಡಿದದ್ದು, ಬಿಸಿಲೇ ತಿಂದದ್ದು

ನನ್ನ ಅಕ್ಕನ ಮಗ ವಿಜಯಪುರದಿಂದ ಪುಣೆಗೆ ಓದಲು ಬಂದು ಸೇರಿದ್ದು ‘ತನ್ನ ವಿದ್ಯುತ್ತನ್ನು ತಾನೇ ತಯಾರಿಸುವ’ ಹಾಸ್ಟೆಲನ್ನು. ಅಲ್ಲಿ ಕೋಣೆಯ ಬಾಡಿಗೆಯ ಜೊತೆಗೆ ಸೂರ್ಯನ ಬಾಡಿಗೆಯನ್ನೂ ವಸೂಲು ಮಾಡುತ್ತಾರೆ.

ಆ ಜಾಗದಲ್ಲಿ ಮೊದಲು ಹಳೆಯ ವಾಡೆಯೊಂದಿತ್ತು. ದಪ್ಪ ಗೋಡೆ, ನಡುವೆ ತೆರೆದ ಚೌಕ, ಸುತ್ತ ಪಡಸಾಲೆ. ಮೇ ತಿಂಗಳಲ್ಲೂ ಒಳಗೆ ಮಣ್ಣಿನ ಗಡಿಗೆಯ ತಂಪು. ಅದಕ್ಕೆ ಹಸಿರು ಪ್ರಮಾಣಪತ್ರ ಇರಲಿಲ್ಲ, ಕೆಡವಿದರು. ಈಗ ಎದ್ದು ನಿಂತಿರುವ ಹಸಿರು ಕಟ್ಟಡದ ಪಶ್ಚಿಮಕ್ಕೆ ನೆಲದಿಂದ ನೆತ್ತಿಯವರೆಗೆ ಗಾಜು.

ಲೆಕ್ಕ ಕೇಳಿ. ಛಾವಣಿಯ ಮೇಲಿರುವುದು 10 ಕಿಲೊವಾಟ್ ಸೋಲಾರ್. ನಮ್ಮ ಕಡೆಯ ಬಿಸಿಲಿಗೆ ಕಿಲೊವಾಟೊಂದಕ್ಕೆ ದಿನಕ್ಕೆ ಸುಮಾರು 4 ಯೂನಿಟ್, ಒಟ್ಟು 40. ಕೆಳಗೆ ಸ್ವಾಗತ ಕೋಣೆಯಲ್ಲಿ ನಾಲ್ಕು ಎಸಿ. ತಾಸಿಗೆ ಒಂದೊಂದು ಯೂನಿಟ್ಟೆಂದರೂ ಹತ್ತು ತಾಸಿಗೆ 40 ಮುಗಿಯಿತು. ಮೇಲೆ ಬಿಸಿಲು ದುಡಿದದ್ದನ್ನೆಲ್ಲ ಅದೇ ಬಿಸಿಲು ಗಾಜಿನೊಳಗಿಂದ ಬಂದು ತಿಂದು ಹೋಗುತ್ತದೆ. ಮಕ್ಕಳ ಕೋಣೆಗಳಲ್ಲಿ ಮಾತ್ರ 75 ವಾಟಿನ ಹಳೆಯ ಫ್ಯಾನುಗಳು ನರಳುತ್ತಿವೆ. 30 ವಾಟಿನಲ್ಲಿ ಅಷ್ಟೇ ಗಾಳಿ ಬೀಸುವ ಬಿಎಲ್‌ಡಿಸಿ ಫ್ಯಾನುಗಳು ಪೇಟೆಯಲ್ಲಿವೆ, ಆದರೆ ಅವು ಡ್ರೋನಿನಿಂದ ತೆಗೆದ ಫೋಟೊದಲ್ಲಿ ಕಾಣುವುದಿಲ್ಲವಲ್ಲ.

40 ಯೂನಿಟ್ ಎಂದದ್ದೂ ನನ್ನ ಧಾರಾಳತನ. ಫಲಕಗಳ ದಕ್ಷಿಣಕ್ಕೇ ನೀರಿನ ಟಾಕಿ ಕಟ್ಟಿದ್ದಾರೆ. ಸೋಲಾರ್ ಫಲಕಗಳು ಒಂದೇ ಸರಪಳಿಗೆ ಪೋಣಿಸಿದವು, ಒಂದೇ ನೊಗದ ಎತ್ತುಗಳ ಹಾಗೆ. ಒಂದರ ಮೇಲೆ ನೆರಳು ಬಿದ್ದು ಅದು ಕುಂಟಿದರೆ ಉಳಿದವೂ ಕುಂಟುತ್ತವೆ. ಮೇಲೆ ಧೂಳು ಬೇರೆ. ಒರೆಸೋಣವೆಂದರೆ ಛಾವಣಿಗೆ ಬೀಗ, ಬೀಗದ ಕೈ ಟ್ರಸ್ಟಿಯವರ ಬಳಿ. ಅವರು ಬರುವುದು ಉದ್ಘಾಟನೆಗಳಿಗೆ.

ಹೋದ ಗುರುವಾರ ನಾನು ಹೋದಾಗ ನಡು ಮಧ್ಯಾಹ್ನ. ಹೆಂಚು ಕಾದಂಥ ಬಿಸಿಲು. ಇದ್ದಕ್ಕಿದ್ದಂತೆ ಫ್ಯಾನು ನಿಂತಿತು. ಕಾವಲುಗಾರ ಮರಾಠಿಯಲ್ಲಿ ‘ಲಾಯಿಟ್ ಗೇಲೀ’, ಕರೆಂಟ್ ಹೋಯಿತು, ಎಂದು ಘೋಷಿಸಿದ.

“ನಿಮ್ಮಲ್ಲಿ ಸೋಲಾರ್ ಇದೆಯಲ್ಲೋ?”

“ಇದೆ ಮಾಮಾ. ಆದರೆ ಹೊರಗಿನ ಕರೆಂಟ್ ಹೋದರೆ ಅದೂ ನಿಲ್ಲುತ್ತದೆ.”

ಹುಡುಗ ಹೇಳಿದ್ದು ನಿಜ. ಛಾವಣಿಯ ಕರೆಂಟ್ ಹೊರಗಿನ ತಂತಿಗೆ ಹರಿದು ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ಶಾಕ್ ತಗಲಬಾರದೆಂದು ಗ್ರಿಡ್ಡಿಗೆ, ಅಂದರೆ ಹೊರಗಿನ ವಿದ್ಯುತ್ ಜಾಲಕ್ಕೆ, ಜೋಡಿಸಿದ ಸೋಲಾರ್ ಇನ್ವರ್ಟರ್ ತಾನಾಗಿಯೇ ಆರಿಹೋಗಬೇಕು. ಅದು ಯಂತ್ರದ ವಿವೇಕ. ಅಂಥ ಹೊತ್ತಿನಲ್ಲೂ ನಡೆಯಲು ಬ್ಯಾಟರಿ, ಅದಕ್ಕೆ ಹೊಂದುವ ಇನ್ವರ್ಟರ್ ಬೇಕಿತ್ತು. ಆ ದುಡ್ಡು ಗಾಜಿಗೆ ಹೋಗಿದೆ.

ಹಿತ್ತಲಲ್ಲಿ ಡೀಸೆಲ್ ಜನರೇಟರ್ ಕೆಮ್ಮಿ ಕೆಮ್ಮಿ ಶುರುವಾಯಿತು. ಕೋಣೆಗಳಿಗೆ ಅದರ ಸಂಪರ್ಕವಿಲ್ಲ, ಸ್ವಾಗತ ಕೋಣೆಗೆ ಮಾತ್ರ. ಅಲ್ಲಿನ ದೊಡ್ಡ ಪರದೆ ಬೆಳಗಿತು: ‘ಇಂದು ನಾವು ಉಳಿಸಿದ ಮರಗಳು: 3.’ ಗಾಜಿನ ಅಂದ ಮುಚ್ಚುತ್ತದೆಂದು ಪಶ್ಚಿಮದ ಬೇವನ್ನು ಕಡಿಸಿದ್ದರು. ಅದರ ಬೊಡ್ಡೆಯ ಮೇಲೆ ಕುಳಿತು ಕಾವಲುಗಾರ ಬೆವರು ಒರೆಸಿಕೊಳ್ಳುತ್ತಿದ್ದ.