ಬಲಗಡೆ ಫೋಟೋ ಇಲ್ಲದ ಸೈಕಲ್‌ಗೆ ಟೋಕನ್ ಹಾಕಬೇಡಿ

“ಸೂಪರ್ ಕಂಡೀಷನ್, 6 ತಿಂಗಳು ಮಾತ್ರ ಓಡಿಸಿರೋದು, ಫುಲ್ ಶಿಮಾನೋ, ಅರ್ಜೆಂಟ್ ಸೇಲ್.” ತುಮಕೂರು ಅಂತ ಹಾಕಿ ಆನ್‌ಲೈನ್‌ನಲ್ಲಿ ಹಳೇ ಸೈಕಲ್ ಹುಡುಕಿದರೆ ಸಾಲುಸಾಲಾಗಿ ಇದೇ ಒಕ್ಕಣೆ. ಇವುಗಳನ್ನು ನೋಡಿ ಕೊಳ್ಳುವವರು ಯಾರು? ಪಿಯುಸಿಗೆ ಸೇರುವ ಮಗನಿಗೆ ಹೊಸದು ಕೊಡಿಸಲಾಗದ ಅಪ್ಪ, ವಸಂತನರಸಾಪುರದ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುವ ಹುಡುಗ, ಊಟದ ಪಾರ್ಸೆಲ್ ತಲುಪಿಸಿ ದುಡಿಯುವವನು. ಅವರಿಗೆ ಐದಾರು ಸಾವಿರ ಅಂದರೆ ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡು. ಅದಕ್ಕೇ ಈ ವಿಷಯ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಎಂಟು ಸಾವಿರ ಹೇಳಿ ಆರಕ್ಕೆ ಇಳಿಯುವುದು ಮೋಸ ಅಲ್ಲ, ಅದು ಚೌಕಾಸಿ. ಆದರೆ ಬಿರುಕು ಬಿಟ್ಟ ಫ್ರೇಮಿಗೆ ಸ್ಪ್ರೇ ಪೇಂಟ್ ಹೊಡೆದು, ಮೇಲೆ ಸ್ಟಿಕ್ಕರ್ ಅಂಟಿಸಿ ಮಾರುವುದನ್ನು ವ್ಯಾಪಾರ ಅನ್ನೋಕೆ ಆಗಲ್ಲ. ಅದನ್ನು ಕೊಂಡವನು ದೇವರಾಯನದುರ್ಗದ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಫ್ರೇಮ್ ಬಿಟ್ಟುಕೊಂಡರೆ ಹೋಗುವುದು ಹಲ್ಲೋ, ಭುಜವೋ, ಪ್ರಾಣವೋ. “ನೋಡ್ಕೊಂಡು ತಗೋಬೇಕಿತ್ತು” ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೋಡಿದರೂ ಕಾಣದ ಹಾಗೆ ಮುಚ್ಚಿಟ್ಟವನದೇ ತಪ್ಪು.

ಸ್ಕೂಟರ್‌ಗಾದರೆ ಆರ್‌ಸಿ ಇರುತ್ತದೆ, ನಂಬರ್ ಹಾಕಿದರೆ ಮಾಲೀಕ ಯಾರು, ಯಾವ ವರ್ಷದ್ದು ಅಂತ ತಿಳಿಯುತ್ತದೆ. ಸೈಕಲ್‌ಗೆ ಅಂಥದ್ದೇನೂ ಇಲ್ಲ. ಇರುವ ಗುರುತು ಒಂದೇ, ಫ್ರೇಮ್ ನಂಬರ್. ಸಾಮಾನ್ಯವಾಗಿ ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿರುವ ತೋಳು) ಕೂರುವ ಕೊಳವೆಯ ಅಡಿಯಲ್ಲಿ, ಸೈಕಲ್ ತಲೆಕೆಳಗೆ ಮಾಡಿದರೆ ಕಾಣುವ ಜಾಗದಲ್ಲಿ ಒತ್ತಿರುತ್ತಾರೆ. ಉಳಿದದ್ದನ್ನೆಲ್ಲ ಸೈಕಲ್ಲನ್ನೇ ಓದಿ ತಿಳಿಯಬೇಕು.

ಮೊದಲು ಫೋಟೋ ನೋಡಿ. ಚೈನು, ಫ್ರೀವೀಲ್ (ಹಿಂಚಕ್ರದ ಹಲ್ಲುಚಕ್ರ), ಗೇರ್ ಎಲ್ಲ ಇರುವುದು ಬಲಗಡೆ. ಎಡಗಡೆಯ ಫೋಟೋ ನಾಲ್ಕು ಹಾಕಿ ಬಲಗಡೆಯದು ಒಂದೂ ಹಾಕಿಲ್ಲ ಅಂದರೆ ಕೇಳಿ ತರಿಸಿಕೊಳ್ಳಿ. ಜೊತೆಗೆ ಫ್ರೀವೀಲ್ ಹಲ್ಲುಗಳ ಹತ್ತಿರದ ಫೋಟೋ, ಫ್ರೇಮ್ ನಂಬರ್, ಹ್ಯಾಂಡಲ್ ಕೆಳಗೆ ಕೊಳವೆಗಳು ಕೂಡುವ ಬೆಸುಗೆ, ಬಿಲ್. ನಿಜವಾಗಿ ಮಾರಬೇಕೆಂದಿರುವವನಿಗೆ ಇದು ಐದು ನಿಮಿಷದ ಕೆಲಸ. “ಬ್ರೋ, ಇನ್ನೂ ಮೂರು ಜನ ಕೇಳ್ತಾವ್ರೆ, ಟೋಕನ್ ಹಾಕ್ಬಿಡಿ, ಆಮೇಲೆ ಫೋಟೋ ಕಳಿಸ್ತೀನಿ” ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. “ಮಿಲಿಟರಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಪಾರ್ಸೆಲ್ ಮಾಡಿಸ್ತೀನಿ” ಅಂತ ಐಡಿ ಕಾರ್ಡಿನ ಫೋಟೋ ಕಳಿಸುವವರದು ಹಳೆಯ ಮೋಸ. ಅಲ್ಲಿ ಸೈಕಲ್ಲೇ ಇರುವುದಿಲ್ಲ. ದುಡ್ಡು ಹೋಗಿದ್ದರೆ ಗಂಟೆಗಟ್ಟಲೆ ಯೋಚಿಸುತ್ತಾ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಮಾರುವವರಿಗೂ ಒಂದು ಮಾತು: ನಿಮಗೆ ಹಣ ಬರಬೇಕಾದರೆ ನೀವು ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತು ಅಂದವನು ಕಳ್ಳ.

ಈಗ ಸೈಕಲ್ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. “ಪಂಕ್ಚರ್ ಆಗಿದೆ ಅಣ್ಣ, ಅದೊಂದೇ ಪ್ರಾಬ್ಲಮ್” ಅಂದರೆ ಹುಷಾರು. ಓಡಿಸಿ ನೋಡದಂತೆ ತಡೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಪಂಕ್ಚರ್ ಹಾಕಿಸಿ, ಆಮೇಲೆ ಬರ್ತೀನಿ ಅಂತ ಹೇಳಿ ಬನ್ನಿ.

ಫ್ರೇಮ್ ನೋಡುವುದಕ್ಕೆ ಹತ್ತು ನಿಮಿಷ ಕೊಡಿ, ಏಕೆಂದರೆ ಬೇರೆ ಏನೇ ಕೆಟ್ಟಿದ್ದರೂ ಬದಲಿಸಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚ್ ಹಾಕಿ. ಮುಖ್ಯವಾಗಿ ಮೂರು ಜಾಗ: ಹ್ಯಾಂಡಲ್ ಕೊಳವೆಗೆ ಕೆಳಗಿನ ಕೊಳವೆ ಸೇರುವ ಬೆಸುಗೆ, ಸೀಟಿನ ಕಂಬ ಇಳಿಯುವ ಕೊಳವೆಯ ಬಾಯಿ, ಕ್ರ್ಯಾಂಕ್ ಹಿಂದೆ ಹಿಂಚಕ್ರದ ಕಡೆ ಹೋಗುವ ಎರಡು ಕವಲು. ಗೀರು ಬಣ್ಣದ ಮೇಲಿರುತ್ತದೆ, ಬಿರುಕು ಬೆಸುಗೆಯ ಅಂಚು ಹಿಡಿದು ಓಡುತ್ತದೆ. ಉಗುರಿನಿಂದ ಸವರಿದರೆ ಉಗುರು ಸಿಕ್ಕಿಕೊಳ್ಳುತ್ತದೆ. ಸ್ಟೀಲ್ ಆಗಿದ್ದರೆ ಆ ಗೆರೆಯಿಂದ ತುಕ್ಕಿನ ನೀರು ಇಳಿದ ಕಲೆ ಇರುತ್ತದೆ, ಅಲ್ಯೂಮಿನಿಯಂನಲ್ಲಿ ಬರೀ ಕಪ್ಪು ಗೆರೆ. ಬೆಸುಗೆಯ ಮೇಲೇ ಸ್ಟಿಕ್ಕರ್ ಅಂಟಿಸಿದ್ದರೆ ಏಕೆ ಅಂತ ಕೇಳಿ, ಕಂಪನಿಯವರು ಅಲ್ಲಿ ಅಂಟಿಸುವುದಿಲ್ಲ. ಕೆಳಗಿನ ಕೊಳವೆಯ ಅಡಿ ಭಾಗದಲ್ಲಿ, ಮುಂಚಕ್ರದ ಹಿಂದೆಯೇ, ಬಣ್ಣ ಸುಕ್ಕುಗಟ್ಟಿದಂತೆ ಉಬ್ಬಿದ್ದರೆ ಆ ಸೈಕಲ್ ಎದುರಿನಿಂದ ಯಾವುದಕ್ಕೋ ಗುದ್ದಿದೆ. ಪಕ್ಕದಿಂದ ನೋಡಿದಾಗ ಫೋರ್ಕ್ (ಮುಂಚಕ್ರ ಹಿಡಿದಿರುವ ಕವಲು) ಹಿಂದಕ್ಕೆ ಬಾಗಿ ಚಕ್ರ ಫ್ರೇಮಿಗೆ ತೀರ ಹತ್ತಿರ ಬಂದಿದ್ದರೂ ಅದೇ ಕಾರಣ.

“ಅಲಾಯ್ ಫ್ರೇಮು, ವೆಲ್ಡಿಂಗ್ ಮಾಡಿಸಿದ್ದೀನಿ, ಈಗ ಸ್ಟ್ರಾಂಗ್ ಆಗಿದೆ” ಅನ್ನುವ ಮಾತನ್ನು ನಂಬಬೇಡಿ. ಅಲಾಯ್ ಫ್ರೇಮುಗಳಲ್ಲಿ ಹೆಚ್ಚು ಬಳಕೆಯಾಗುವ 6061 ಅಲ್ಯೂಮಿನಿಯಂಗೆ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ಲೆಕ್ಕಹಾಕಿ ಕಾಯಿಸಿ ಹದಮಾಡುವುದರಿಂದ. ಮತ್ತೆ ಬೆಸುಗೆ ಹಾಕಿದರೆ ಸುತ್ತಲಿನ ಹದ ಹೋಗಿ ಆ ಜಾಗ ಮೆತ್ತಗಾಗುತ್ತದೆ. ಇಡೀ ಫ್ರೇಮನ್ನು ಮತ್ತೆ ಹದಕ್ಕೆ ಹಾಕುವ ವ್ಯವಸ್ಥೆ ಗೇಟ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿರುವುದಿಲ್ಲ. ಸ್ಟೀಲ್ ಫ್ರೇಮ್ ಹಾಗಲ್ಲ, ಒಳ್ಳೆಯ ಕೈ ಸಿಕ್ಕರೆ ಬೆಸುಗೆ ನಿಲ್ಲುತ್ತದೆ. ಅಂದ ಹಾಗೆ ಸ್ಟೀಲ್ ಅಂದರೆ ಕೀಳು ಅನ್ನುವ ಭಾವನೆ ಬೇಡ. ಸ್ಟೀಲನ್ನು ಅಲಾಯ್ ಅಂತ ಹೇಳಿ ಮಾರುವುದೇ ತಪ್ಪು. ಒಂದು ಚಿಕ್ಕ ಅಯಸ್ಕಾಂತ ಜೇಬಿನಲ್ಲಿರಲಿ. ಫ್ರೇಮಿಗೆ ಅಂಟಿಕೊಂಡರೆ ಸ್ಟೀಲ್.

ಮುಂದಿನದು ಚೈನು. “ಹೊಸ ಚೈನ್ ಹಾಕ್ಸಿದ್ದೀನಿ” ಅನ್ನುವುದು ಕೇಳಲು ಚೆನ್ನಾಗಿದೆ, ಆದರೆ ಮೋಸ ಇರುವುದೂ ಅಲ್ಲೇ. ಹಳೇ ಚೈನು ಸವೆದು ಉದ್ದವಾಗುತ್ತಾ ಫ್ರೀವೀಲ್ ಹಲ್ಲುಗಳನ್ನೂ ತನ್ನ ಅಳತೆಗೆ ತಿಂದಿರುತ್ತದೆ. ಅಂಥ ಹಲ್ಲಿನ ಮೇಲೆ ಹೊಸ ಚೈನು ಕೂರುವುದಿಲ್ಲ, ಜೋರಾಗಿ ತುಳಿದಾಗ ಜಿಗಿಯುತ್ತದೆ. ಬಿ.ಎಚ್. ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು ಹೊಡೆದರೆ ಗೊತ್ತೇ ಆಗಲ್ಲ. ಏರು ಹತ್ತಿಸಿ ನೋಡಬೇಕು. ಏರು ಇಲ್ಲದಿದ್ದರೆ ಹಿಂದಿನ ಬ್ರೇಕನ್ನು ಅರ್ಧ ಹಿಡಿದು, ಪ್ರತಿ ಗೇರಿನಲ್ಲೂ ನಾಲ್ಕಾರು ಸಲ ಜೋರಾಗಿ ತುಳಿಯಿರಿ. ಕಾಲಡಿ “ಟಕ್” ಅಂತ ಜಾರಿದರೆ ಫ್ರೀವೀಲ್ ಹೋಗಿದೆ. ಹಲ್ಲಿನ ತುದಿ ಚೂಪಾಗಿ ಒಂದೇ ಕಡೆ ವಾಲಿದ್ದರೂ ಅಷ್ಟೇ. ಚೈನು ಹಳೆಯದೇ ಇದ್ದರೆ ಟೇಪ್ ಹಿಡಿಯಿರಿ. ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ 24 ಕೊಂಡಿ ಅಳೆದರೆ ಹೊಸ ಚೈನು ಸರಿಯಾಗಿ 12 ಇಂಚು ಇರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸುವ ಕಾಲ. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಚೈನಿನ ಜೊತೆ ಫ್ರೀವೀಲ್ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ಶಿಮಾನೋ ಅಂದರೆ ಗೇರ್ ಭಾಗಗಳ ಕಂಪನಿ. “ಫುಲ್ ಶಿಮಾನೋ” ಅಂದರೆ ಬಹಳ ಸಲ ಹಿಂದಿನ ಡಿರೈಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಂದೇ ಶಿಮಾನೋ, ಅದೂ ಟೂರ್ನಿ, ಅಂದರೆ ಅವರ ಆರಂಭದ ಮಟ್ಟದ ಸೆಟ್. ಕೆಟ್ಟದ್ದಲ್ಲ, ದಿನಬಳಕೆಗೆ ಸಾಕು. ಆದರೆ ಅದನ್ನು ತೋರಿಸಿ ಇಡೀ ಸೈಕಲ್‌ಗೆ ಬೆಲೆ ಏರಿಸುವುದು ಸರಿಯಲ್ಲ. ಸ್ಟಿಕ್ಕರ್ ನೋಡಬೇಡಿ, ಡಿರೈಲರಿನ ಒಳಬದಿಯಲ್ಲಿ ಆರ್‌ಡಿ ಅಂತ ಶುರುವಾಗುವ ಮಾಡೆಲ್ ಸಂಖ್ಯೆ ಇರುತ್ತದೆ, ಅದನ್ನು ಓದಿ. ಹಾಗೆಯೇ “21 ಗೇರ್” ಅಂದರೆ ಮುಂದೆ 3, ಹಿಂದೆ 7, ಗುಣಿಸಿದರೆ 21. ಮುಂದಿನ ಗೇರಿನ ವೈರ್ ಬಿಚ್ಚಿಹಾಕಿದ್ದರೆ ಅದು 7 ಗೇರಿನ ಸೈಕಲ್ ಅಷ್ಟೇ. ಹಿಂದೆ ನಿಂತು ನೋಡಿ: ಡಿರೈಲರ್ ಚಕ್ರದ ಕಡೆ ವಾಲಿದ್ದರೆ ಅದನ್ನು ಫ್ರೇಮಿಗೆ ಹಿಡಿದಿರುವ ತುಂಡು, ಅಂದರೆ ಹ್ಯಾಂಗರ್ ಬೆಂಡಾಗಿದೆ, ಸೈಕಲ್ ಬಲಕ್ಕೆ ಬಿದ್ದಿದೆ ಅಂತ ಅರ್ಥ. ಹಾಗೇ ಬಿಟ್ಟರೆ ಒಂದು ದಿನ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿದಾಗ ಕಡ್ಡಿಗಳ ಒಳಗೇ ಹೋಗಿ ಡಿರೈಲರ್, ಚಕ್ರ ಎರಡೂ ಮುರಿಯುತ್ತವೆ.

ಪೆಡಲ್ ಬಿಟ್ಟು ಕ್ರ್ಯಾಂಕ್ ತೋಳನ್ನೇ ಹಿಡಿದು ಅಡ್ಡಡ್ಡ ಅಲುಗಾಡಿಸಿ. ಎರಡೂ ತೋಳು ಒಟ್ಟಿಗೆ ಅಲುಗಿದರೆ ಬಿ.ಬಿ. ಸೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಸವೆದಿದೆ ಅಥವಾ ಸಡಿಲವಾಗಿದೆ, ಅದು ಸರಿಹೋಗುವ ಕೆಲಸ. ಎಡಗಡೆ ತೋಳು ಮಾತ್ರ ಅಲುಗಿದರೆ ಅದರ ಚೌಕ ತೂತು ಸವೆದಿರಬಹುದು. ಬೋಲ್ಟ್ ಎಷ್ಟು ಬಿಗಿದರೂ ಎರಡು ದಿನಕ್ಕೆ ಮತ್ತೆ ಸಡಿಲ, ತೋಳೇ ಬದಲಿಸಬೇಕು. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಅದು ತಿಳಿಯದೆ ಬಲವಂತವಾಗಿ ತಿರುಗಿಸಿ ಥ್ರೆಡ್ ಕಿತ್ತು, ಅಂಟು ಹಾಕಿ ಕೂರಿಸಿದವೂ ಬರುತ್ತವೆ. ಪೆಡಲ್ ಸೊಟ್ಟಗೆ ತಿರುಗಿದರೆ ಅನುಮಾನಪಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ, ಹ್ಯಾಂಡಲ್ ಬುಡದಲ್ಲಿ ಬೆರಳಿಟ್ಟಿರಿ, ಕಟಕಟ ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್ ಸಡಿಲ. ಚಕ್ರ ಎತ್ತಿ ತಿರುಗಿಸಿ. ಒಂದೆರಡು ಮಿಲಿಮೀಟರ್ ಅಡ್ಡ ಓಲಾಡಿದರೆ ಬೆಂಡ್ ತೆಗೆಯಬಹುದು, ಮೇಲೆ ಕೆಳಗೆ ಕುಣಿದರೆ ರಿಮ್ ಗುಂಡಿಗೆ ಹೊಡೆದಿದೆ, ಅದು ಪೂರ್ತಿ ಸರಿಯಾಗುವುದು ಕಷ್ಟ. ಟೈರಿಗೆ ಪಾಲಿಶ್ ಹಚ್ಚಿ ಫುಲ್ ಗಾಳಿ ಹೊಡೆದಿರುತ್ತಾರೆ. ಸ್ವಲ್ಪ ಗಾಳಿ ಬಿಟ್ಟು ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಒಣಗಿದ ರಬ್ಬರಿನ ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ.

ಸೈಜಿನ ಸುಳ್ಳು ಬೇರೆ. “29 ಇಂಚು” ಅಂದರೆ ಅದು ಚಕ್ರದ ಅಳತೆ, ಫ್ರೇಮಿನದಲ್ಲ. ಐದೂವರೆ ಅಡಿ ಎತ್ತರದವರಿಗೆ ಎಂಟಿಬಿಯಲ್ಲಿ (ಮೌಂಟನ್ ಬೈಕ್) ಸುಮಾರು 17 ಇಂಚಿನ ಫ್ರೇಮ್ ಹೊಂದುತ್ತದೆ. “ಸೀಟು ಏರಿಸ್ಕೊಳ್ಳಿ” ಅಂತ ಚಿಕ್ಕ ಸೈಕಲ್ ಕೊಟ್ಟರೆ ಸೀಟಿನ ಕಂಬದ ಮೇಲೆ, ಇದಕ್ಕಿಂತ ಹೆಚ್ಚು ಎತ್ತಬಾರದು ಅಂತ ಹಾಕಿರುವ ಗೆರೆ ನೋಡಿ. ಆ ಗೆರೆ ಹೊರಗೆ ಕಂಡರೆ ಸೀಟಿನ ಕೊಳವೆ ಸೀಳುವ ಅಪಾಯ ಇದೆ.

ಬೆಲೆ ವಿಷಯದಲ್ಲಿ ಈಚಿನ ಒಂದು ತಿರುವು ಬಹಳ ಜನರಿಗೆ ಗೊತ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ ಶೇ. 5ಕ್ಕೆ ಇಳಿದಿದೆ. ಮೊದಲು ತೆರಿಗೆ ಸೇರಿ 20,000 ಇದ್ದದ್ದು, ಕಂಪನಿ ಮೂಲ ಬೆಲೆ ಬದಲಿಸದಿದ್ದರೆ, ಈಗ 18,750. “ಹೊಸದಕ್ಕೆ ಇಪ್ಪತ್ತು ಸಾವಿರ” ಅಂತ ಹಳೇ ಬೆಲೆ ಹೇಳಿ 14 ಸಾವಿರ ಕೇಳುವವರಿಗೆ ಅಂಗಡಿಯ ಇವತ್ತಿನ ಬೆಲೆ ತೋರಿಸಿ.

ಇನ್ನು ಕದ್ದ ಮಾಲು. ಬಿಲ್ ಇಲ್ಲ, ಬೀಗ ಇದೆ ಆದರೆ ಕೀ ಇಲ್ಲ, ಫ್ರೇಮ್ ನಂಬರ್ ಉಜ್ಜಿದೆ, ಬೆಲೆ ಅರ್ಧಕ್ಕರ್ಧ ಕಡಿಮೆ. ಇವು ಒಟ್ಟಿಗೆ ಕಂಡರೆ ಎದ್ದು ಬನ್ನಿ. ಕದ್ದದ್ದು ಅಂತ ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ತಿಳಿಯದೆ ಕೊಂಡರೂ ಸೈಕಲ್ ಪೊಲೀಸರ ಪಾಲು, ದುಡ್ಡು ವಾಪಸ್ ಬರುವ ಖಾತ್ರಿ ಇಲ್ಲ. ಹಳೆಯದಾಗಿ ಬಿಲ್ ಕಳೆದುಹೋಗಿರುವುದೂ ಸಹಜ. ಆಗ ಒಂದು ಹಾಳೆಯಲ್ಲಿ ಮಾರಿದವರ ಹೆಸರು, ಫೋನ್, ಫ್ರೇಮ್ ನಂಬರ್, ತಾರೀಕು, ಮೊತ್ತ ಬರೆಸಿ ಸಹಿ ಹಾಕಿಸಿ. ಹಣವನ್ನು ಅವರದೇ ಹೆಸರಿನ ಯುಪಿಐಗೆ ಹಾಕಿ, ದಾಖಲೆ ಉಳಿಯುತ್ತದೆ. ಸಹಿ ಹಾಕಲು ಹಿಂಜರಿದರೆ ಆ ಸೈಕಲ್ ನಿಮಗೆ ಬೇಡ.

ಇಷ್ಟೆಲ್ಲ ನಮ್ಮಿಂದ ಆಗಲ್ಲ ಅನ್ನಿಸಿದರೆ ನಿಮ್ಮ ಬಡಾವಣೆಯ ಸೈಕಲ್ ಶಾಪಿಗೇ ಸೈಕಲ್ ತರಲು ಹೇಳಿ. ಮೆಕ್ಯಾನಿಕ್‌ಗೆ ನೂರಿನ್ನೂರು ಕೊಟ್ಟು ನೋಡಿಸಿ, ಪುಕ್ಕಟೆ ಕೇಳಬೇಡಿ, ಅದು ಅವರ ವಿದ್ಯೆ. ಅಂಗಡಿಗೆ ಬರಲು ಒಪ್ಪದ ಮಾರಾಟಗಾರ ಅಲ್ಲೇ ಉತ್ತರ ಕೊಟ್ಟ ಹಾಗೆ.

ಹಾಸ್ಟೆಲ್ ಖಾಲಿ ಮಾಡುವಾಗ ಸೈಕಲ್ ಮಾರುವ ಕಾಲೇಜು ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ: ಕೆಟ್ಟಿರುವುದನ್ನು ಜಾಹೀರಾತಿನಲ್ಲೇ ಬರೆಯಿರಿ. ಬರೆದರೆ ಗಿರಾಕಿ ಓಡಿಹೋಗುತ್ತಾನೆ ಅನ್ನುವುದು ತಪ್ಪು ಲೆಕ್ಕ. ಬಂದು, ನೋಡಿ, ಜಗಳವಾಡಿ ವಾಪಸ್ ಹೋಗುವವರ ಕಾಟ ತಪ್ಪುತ್ತದೆ. ಹೀಗೆ ಬರೆದರೆ ಸಾಕು, ಬೇಕಿದ್ದರೆ ಇದನ್ನೇ ತಿದ್ದಿ ಬಳಸಿ:

“ಗೇರ್ ಸೈಕಲ್. ಚಕ್ರ 27.5, ಫ್ರೇಮ್ 17 ಇಂಚು, ಅಲಾಯ್. 2022ರಲ್ಲಿ ತಗೊಂಡಿದ್ದು, ಬಿಲ್ ಇದೆ, ಫ್ರೇಮ್ ನಂಬರ್ ಫೋಟೋದಲ್ಲಿದೆ. ಚೈನು, ಫ್ರೀವೀಲ್ ಸವೆದಿವೆ, ಎರಡೂ ಬದಲಿಸಬೇಕು. ಹಿಂದಿನ ರಿಮ್ ಸ್ವಲ್ಪ ಬೆಂಡು. ಫ್ರೇಮಿನಲ್ಲಿ ಬಿರುಕಿಲ್ಲ, ತಲೆಕೆಳಗೆ ಮಾಡಿ ನೋಡಬಹುದು. ನೀವು ಹೇಳಿದ ಶಾಪಿಗೆ ತರ್ತೀನಿ. ಟೋಕನ್ ಬೇಡ.”