ಹತ್ತು ಗ್ರಾಂ ಊಟ

ಮನೆಗೆ ಯಾರೇ ಬರಲಿ, ಹಾಸನದಲ್ಲಿ ಮೊದಲು ಕೇಳುವುದು "ಊಟ ಆಯ್ತಾ?" ಅಂತ. ಇಂಥ ಊರಲ್ಲಿ ಮೀನು ಸಾಕುವುದು ಕಷ್ಟ. ಮೀನಿಗೆ ಹಾಕುವುದು ಸುಲಭ, ಹಾಕದೆ ಸುಮ್ನೆ ಇರುವುದೇ ದೊಡ್ಡ ಕೆಲಸ.

ನಮ್ಮ ಅಕ್ಕನ ಮಗಳು ಬಿ.ಎಸ್ಸಿ. ಓದುತ್ತಾಳೆ. ಪ್ರಾಜೆಕ್ಟ್‌ಗೆ ಅಂತ ಹಿತ್ತಲಿನ ತೊಟ್ಟಿಗೆ ಇಪ್ಪತ್ತು ಗೆಂಡೆ ಮರಿ ಬಿಟ್ಟಳು. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ. ಅಡುಗೆಮನೆಯ ತಕ್ಕಡಿ ಹಿತ್ತಲಿಗೆ ಹೋದಾಗ ಶುರುವಾಯಿತು. ಮಗ್ಗಿನಲ್ಲಿ ನೀರು ತೂಗಿದಳು, ಮರಿ ಬಿಟ್ಟು ಮತ್ತೆ ತೂಗಿದಳು, ಕಳೆದಳು. ಒಂದೊಂದೂ ಸುಮಾರು 10 ಗ್ರಾಂ. ಒಟ್ಟು 200. ಮೈತೂಕದ ನೂರಕ್ಕೆ 5ರಂತೆ ದಿನಕ್ಕೆ 10 ಗ್ರಾಂ ಊಟ, ಅದೂ ಎರಡು ಹೊತ್ತಿಗೆ ಸೇರಿ! ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮಸಮ ಕಲಸಿದ ಆ ಉಂಡೆ ನೋಡಿ ಅಜ್ಜಿ ಹೌಹಾರಿದರು. "ಇಪ್ಪತ್ತು ಜೀವಕ್ಕೆ ಇಷ್ಟೇನಾ? ತಿಥಿ ದಿನ ಕಾಗೆಗಿಡೋ ಪಿಂಡನೇ ಇದಕ್ಕಿಂತ ದೊಡ್ಡದಿರುತ್ತೆ ಕಣೇ!"

ಗೆಂಡೆಗೆ ನಮ್ಮ ಹಾಗೆ ಜಠರ ಇಲ್ಲ. ಹಲ್ಲು ಇರುವುದೂ ಗಂಟಲಲ್ಲಿ. ಅಲ್ಲಿ ಅರೆದದ್ದು ನೇರ ಕರುಳಿಗೆ. ಮದುವೆ ಊಟದ ಹಾಗೆ ಒಂದೇ ಸಲ ತುಂಬಿಕೊಳ್ಳಲು ಜಾಗವೇ ಇಲ್ಲ. ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. "ಶೃಂಗೇರಿಲಿ ಮೀನಿಗೆ ಎಲ್ಲರೂ ಪುರಿ ಹಾಕಲ್ವಾ?" ಅಂದರು ಅಜ್ಜಿ. ಹಾಕುತ್ತಾರೆ. ಅಲ್ಲಿ ತುಂಗೆ ಹರಿಯುತ್ತಾಳೆ. ತೊಟ್ಟಿ ಎಲ್ಲಿಗೆ ಹರಿಯಬೇಕು?

ಒಂದು ದಿನ ಬೆಳಗಿನ ಜಾವ ಮರಿಗಳೆಲ್ಲ ಮೇಲೆ ಬಂದಿದ್ದವು. ಮೂತಿ ನೀರಿನಿಂದ ಆಚೆ, ಬಾಯಿ ದುಂಡಗೆ ತೆರೆಯುವುದು, ಮುಚ್ಚುವುದು. "ಪಾಪ, ಹಸಿದು ಬಾಯಿ ಬಾಯಿ ಬಿಡ್ತಿದಾವೆ" ಅಂತ ಅಜ್ಜಿ ಒಂದು ಹಿಡಿ ಅನ್ನ ಹಾಕೇಬಿಟ್ಟರು. ಅವಕ್ಕೆ ಬೇಕಿದ್ದದ್ದು ಗಾಳಿ. ರಾತ್ರಿಯೆಲ್ಲ ಪಾಚಿಯೂ ಮೀನಿನ ಜೊತೆ ಉಸಿರಾಡುತ್ತದೆ, ಬೆಳಗಾಗುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಅನ್ನ ಕೊಳೆಯುವುದಕ್ಕೂ ಅದೇ ಆಮ್ಲಜನಕ ಬೇಕು. ಹುಡುಗಿ ಅನ್ನ ಸೋಸಿ ತೆಗೆದು, ಬಕೆಟ್ಟಿನಲ್ಲಿ ನೀರು ಮೊಗೆಮೊಗೆದು ಎತ್ತರದಿಂದ ಸುರಿದಳು. ಸ್ವಲ್ಪ ಹೊತ್ತಿಗೆ ಒಂದೊಂದೇ ಕೆಳಗಿಳಿದವು.

ಡಿಸೆಂಬರಿನಲ್ಲಿ ಇನ್ನೊಂದು ಪಂಚಾಯ್ತಿ. ಮೀನಿನ ಮೈಬಿಸಿ ನೀರಿನ ಲೆಕ್ಕದಲ್ಲೇ ಏರಿಳಿಯುತ್ತದೆ, ಚಳಿ ಬಂದರೆ ಹಸಿವೂ ಇಳಿಯುತ್ತದೆ. ನಾವು ಹಿತಕಿದ ಅವರೆಬೇಳೆ ಸಾರಿಗೆ ಎರಡೆರಡು ಮುದ್ದೆ ಮುರಿಯುವ ಕಾಲದಲ್ಲೇ ಅವಕ್ಕೆ ಊಟ ಕಡಿತ. ಅಜ್ಜಿಗೆ ಇದು ಶುದ್ಧ ಅನ್ಯಾಯವಾಗಿ ಕಂಡಿತು. ನನಗೂ ಸ್ವಲ್ಪ ಹಾಗೇ ಅನ್ನಿಸಿತು ಅನ್ನಿ.

ರೆಕಾರ್ಡ್ ಪುಸ್ತಕದಲ್ಲಿ ತಾರೀಕು, ನೀರಿನ ಉಷ್ಣಾಂಶ, ತೂಕ, ಆಹಾರ ಅಂತ ಕಾಲಂಗಳಿದ್ದವು. ಒಂದು ಕಿಲೋ ಮೈ ಬೆಳೆಯಲು ಎಷ್ಟು ಕಿಲೋ ತಿಂದವು ಅನ್ನುವುದೇ ಕೊನೆಯ ಲೆಕ್ಕ. ಕದ್ದು ಹಾಕಿದ್ದು ಬಿಟ್ಟುಹೋದರೆ ಲೆಕ್ಕ ಕೂಡುವುದಿಲ್ಲ. ಅದಕ್ಕೆ ಹುಡುಗಿ ಜಗಳ ಬಿಟ್ಟು, ಸ್ಕೇಲಿನಲ್ಲಿ ಇನ್ನೊಂದು ಗೆರೆ ಎಳೆದಳು. ಮೇಲೆ ಬರೆದಳು: "ಅಜ್ಜಿ ಹಾಕಿದ್ದು, ಗ್ರಾಂಗಳಲ್ಲಿ." ಈಗ ಅಜ್ಜಿಯೇ ತಕ್ಕಡಿ ಕೇಳಿ ಇಸಿದುಕೊಳ್ಳುತ್ತಾರೆ.