ಎರಡನೇ ಬದಿಯನ್ನು ದಾಟಿಸಬೇಡಿ: ಪೋನ ಕಥೆಗಳು ಮತ್ತು 1976ರ ಒಂದು ಆಲ್ಬಂ

ಬ್ರಿಟನ್ನಿನ ರಾಕ್ ತಂಡ ಅಲನ್ ಪಾರ್ಸನ್ಸ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ‘ಟೇಲ್ಸ್ ಆಫ್ ಮಿಸ್ಟರಿ ಅಂಡ್ ಇಮ್ಯಾಜಿನೇಶನ್’ ಬಗ್ಗೆ ಮಾತು ಬಂದರೆ ‘ದಿ ರೇವನ್’ ಹಾಡನ್ನು ಹೊಗಳುವವರು ಬೇಕಾದಷ್ಟು ಜನ ಸಿಗುತ್ತಾರೆ. ರೆಕಾರ್ಡಿನ ಎರಡನೇ ಬದಿ ಅಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಮಾತಿಲ್ಲ, ಆರ್ಕೆಸ್ಟ್ರಾ ಎಳೆಯುತ್ತದೆ, ಮುಂದಕ್ಕೆ ಓಡಿಸಿದೆವು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಈ ಆಲ್ಬಂಗೆ ಮೂಲವಾದ, 19ನೇ ಶತಮಾನದ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಬರೆದದ್ದನ್ನು ರಾಕ್ ಸಂಗೀತ ಎಲ್ಲಾದರೂ ನಿಜವಾಗಿ ಮುಟ್ಟಿದ್ದರೆ ಅದು ಆ ಎರಡನೇ ಬದಿಯಲ್ಲಿ, ‘ದಿ ಫಾಲ್ ಆಫ್ ದ ಹೌಸ್ ಆಫ್ ಅಷರ್’ ಎಂಬ ಸುಮಾರು 15 ನಿಮಿಷಗಳಲ್ಲಿ. ಮೊದಲ ಬದಿಯ ಹಾಡುಗಳು ಚೆನ್ನಾಗಿಲ್ಲ ಎಂದಲ್ಲ. ಅವು ಎಲ್ಲಿ ಗೆಲ್ಲುತ್ತವೆ, ಎಲ್ಲಿ ಸೋಲುತ್ತವೆ ಎಂದು ನೋಡಿದರೆ ಎರಡನೇ ಬದಿ ಯಾಕೆ ಹಾಗಿದೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಇದನ್ನು ಮಾಡಿದವರ ವಿಚಾರ. ಅಲನ್ ಪಾರ್ಸನ್ಸ್ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಎಂಜಿನಿಯರ್ ಆಗಿದ್ದವರು. ಬೀಟಲ್ಸ್‌ರ 1969ರ ‘ಅಬ್ಬೆ ರೋಡ್’ ಆಲ್ಬಂಗೆ ಸಹಾಯಕ, ಪಿಂಕ್ ಫ್ಲಾಯ್ಡ್‌ನ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ಗೆ ಎಂಜಿನಿಯರ್. ಎರಿಕ್ ವುಲ್ಫ್‌ಸನ್ ಗ್ಲಾಸ್ಗೋದವರು, ಹಾಡು ಬರೆಯುತ್ತಿದ್ದವರು. ಪೋನನ್ನು ಆಲ್ಬಂ ಮಾಡುವ ಆಲೋಚನೆ ಅವರದೇ. ಆರ್ಕೆಸ್ಟ್ರಾ ಬರೆದು ನಡೆಸಿದವರು ಆಂಡ್ರ್ಯೂ ಪವೆಲ್. ವಾದ್ಯಕ್ಕೆ ಪೈಲಟ್ ತಂಡದ ಇಯನ್ ಬೇರ್ನ್‌ಸನ್, ಡೇವಿಡ್ ಪೇಟನ್, ಸ್ಟುವರ್ಟ್ ಟಾಶ್; ಜೊತೆಗೆ ಅಮೆರಿಕದ ಆಂಬ್ರೋಸಿಯಾ ತಂಡದವರು. ಇದು ವೇದಿಕೆಯ ತಂಡವೇ ಅಲ್ಲ, ಸ್ಟುಡಿಯೋದಲ್ಲಿ ಹುಟ್ಟಿದ ಕೂಸು. ಹಾಗಾಗಿ ಒಬ್ಬನೇ ಗಾಯಕ ಇರಬೇಕೆಂಬ ಕಟ್ಟುಪಾಡು ಇರಲಿಲ್ಲ. ಸಿನಿಮಾಕ್ಕೆ ಪಾತ್ರಧಾರಿಗಳನ್ನು ಆರಿಸುವಂತೆ ಒಂದೊಂದು ಕಥೆಗೂ ತಕ್ಕ ಕಂಠ ಆರಿಸಿದರು. ಈ ಆಲ್ಬಂನ ಅತ್ಯಂತ ಬುದ್ಧಿವಂತ ತೀರ್ಮಾನ ಇದೇ ಎಂದು ನನ್ನ ಎಣಿಕೆ. ಇಲ್ಲಿರುವ ಪೋನ ಪ್ರತಿ ಕಥೆಯಲ್ಲೂ ‘ನಾನು’ ಎಂದು ಹೇಳುವವನು ಒಬ್ಬ ಇರುತ್ತಾನೆ, ಆ ‘ನಾನು’ ಪ್ರತಿ ಸಲ ಬೇರೆ.

ಈಗ ತೊಡಕಿನ ಕಡೆ ಬರೋಣ. ಪೋ 1846ರಲ್ಲಿ ‘ದ ಫಿಲಾಸಫಿ ಆಫ್ ಕಾಂಪೊಸಿಷನ್’ ಎಂಬ ಪ್ರಬಂಧ ಬರೆದ. ಒಂದೇ ಸಲ ಕೂತು ಓದಿ ಮುಗಿಸುವಷ್ಟು ಉದ್ದ ಇರಬೇಕು, ಇಡೀ ಬರಹ ಒಂದೇ ಪರಿಣಾಮದ ಕಡೆ ನಡೆಯಬೇಕು ಎಂಬುದು ಅಲ್ಲಿನ ವಾದ. ‘ದಿ ರೇವನ್’ ಕವಿತೆಗೆ ಸುಮಾರು 100 ಸಾಲು ಎಂದು ಲೆಕ್ಕ ಹಾಕಿದ್ದೆ, 108 ಆಯಿತು ಎನ್ನುತ್ತಾನೆ. ಅವನ ಕಥೆ ಉರುಳಿನ ಹಗ್ಗದ ಹಾಗೆ: ಬಿಗಿಯುತ್ತಲೇ ಹೋಗುತ್ತದೆ, ಒಮ್ಮೆಯೂ ಸಡಿಲಾಗುವುದಿಲ್ಲ. ರಾಕ್ ಹಾಡಿನ ಕಟ್ಟು ಇದಕ್ಕೆ ತದ್ವಿರುದ್ಧ. ಎರಡು ಚರಣ ಆದ ಮೇಲೆ ಪಲ್ಲವಿ ಬರಲೇಬೇಕು, ಪಲ್ಲವಿ ಬಂತೆಂದರೆ ಕೇಳುವವನು ಪರಿಚಿತ ಜಾಗಕ್ಕೆ ಮರಳಿದ, ಉಸಿರು ಬಿಟ್ಟ. ಗಾಥಿಕ್ ಕಥೆಗಳನ್ನು, ಅಂದರೆ ಪಾಳು ಮನೆ, ಸಾವು, ಭಯದ ಇಂಥ ಕಥೆಗಳನ್ನು, ಹಾಡು ಮಾಡಲು ಹೊರಟವರು ಎಡವುವುದು ಇಲ್ಲಿಯೇ. ಕಥೆಯ ಘಟನೆಗಳನ್ನು ಚರಣಕ್ಕೆ ತುಂಬಿಸುತ್ತಾರೆ, ಭಯವನ್ನು ಪಲ್ಲವಿ ಬಂದು ಕರಗಿಸಿಬಿಡುತ್ತದೆ.

‘ದಿ ರೇವನ್’ಗೆ ಈ ಕಷ್ಟ ಕಡಿಮೆ, ಏಕೆಂದರೆ ಮೂಲ ಕವಿತೆಯಲ್ಲೇ ಪಲ್ಲವಿ ಇದೆ. 18 ಪದ್ಯ, ಪದ್ಯಕ್ಕೆ ಆರು ಸಾಲು. ಕಾಗೆ ಜಾತಿಯ ಆ ಹಕ್ಕಿ ‘ನೆವರ್‌ಮೋರ್’ ಎಂಬ ಒಂದೇ ಪದ ಹೇಳುತ್ತದೆ. ಹಕ್ಕಿಯ ಉತ್ತರ ಬದಲಾಗುವುದಿಲ್ಲ, ಮನುಷ್ಯನ ಪ್ರಶ್ನೆ ಬದಲಾಗುತ್ತಾ ಹೋಗುತ್ತದೆ. ಉತ್ತರ ಗೊತ್ತಿದ್ದೂ ಹೆಚ್ಚು ನೋಯಿಸುವ ಪ್ರಶ್ನೆಯನ್ನೇ ಅವನು ಕೇಳುತ್ತಾನೆ. ಕವಿತೆಯನ್ನು ಗಟ್ಟಿಯಾಗಿ ಓದಿದರೆ ಎಂಟು ಒಂಬತ್ತು ನಿಮಿಷ ಬೇಕು, ಹಾಡು ನಾಲ್ಕು ನಿಮಿಷಕ್ಕೂ ಕಡಿಮೆ. ಪ್ರಶ್ನೆಗಳ ಆ ಏಣಿಯೇ ಬಿದ್ದುಹೋಗಿದೆ. ಅದರ ಬದಲು ಅವರು ಕೈಗೆತ್ತಿಕೊಂಡದ್ದು ದನಿಯನ್ನು. ನಟ ಲಿಯೊನಾರ್ಡ್ ವೈಟಿಂಗ್ ಮುಖ್ಯ ಗಾಯಕ, ಪಾರ್ಸನ್ಸ್ ತಮ್ಮ ದನಿಯನ್ನು ಇಎಂಐ ಸಂಸ್ಥೆಯ ವೊಕೋಡರ್ ಮೂಲಕ ಹಾಯಿಸಿದ್ದಾರೆ. ಡಿಜಿಟಲ್ ವೊಕೋಡರ್ ಬಳಸಿದ ಮೊದಲ ರಾಕ್ ಹಾಡು ಇದೇ ಎಂದು ಆಲ್ಬಂನ ಟಿಪ್ಪಣಿ ಹೇಳುತ್ತದೆ. ವೊಕೋಡರ್ ಮಾಡುವುದಿಷ್ಟು: ಮಾತಿನ ಸದ್ದನ್ನು ತಗ್ಗಿನಿಂದ ತಾರದವರೆಗೆ ಹಲವು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯ ಏರಿಳಿತವನ್ನು ಅಳೆದು, ಆ ಏರಿಳಿತವನ್ನು ಇನ್ನೊಂದು ವಾದ್ಯದ ಸದ್ದಿನ ಮೇಲೆ ಹೇರುತ್ತದೆ. ವಾದ್ಯ ಮಾತಾಡಿದಂತೆ ಕೇಳುತ್ತದೆ. ಆ ವಾದ್ಯದ ಸದ್ದಿನಲ್ಲಿ ಮೇಲಿನ ಕಂಪನಗಳು ತುಂಬಾ ಇರಬೇಕು. ಕೊಳಲಿನಂಥ ಮೆದು ಸದ್ದು ಕೊಟ್ಟರೆ ‘ಸ’, ‘ತ’, ‘ಕ’ ಎಲ್ಲ ನುಂಗಿಹೋಗಿ ಬರೀ ಸ್ವರಗಳು ಉಳಿಯುತ್ತವೆ. ಅದಕ್ಕೇ ವ್ಯಂಜನಗಳ ಸಲುವಾಗಿ ಸ್ವಲ್ಪ ಗಾಳಿಯಂಥ ಗದ್ದಲವನ್ನು ಬೆರೆಸುವ ರೂಢಿ ಇದೆ. ಅರ್ಥ ಗೊತ್ತಿಲ್ಲದೆ ಮಾತಾಡುವ ಹಕ್ಕಿಯ ಕಥೆಗೆ ಗಂಟಲೇ ಇಲ್ಲದೆ ಮಾತಾಡುವ ಯಂತ್ರವನ್ನು ಹುಡುಕಿದ್ದು ಒಳ್ಳೆಯ ಕಿವಿಯ ಲಕ್ಷಣ.

‘ದ ಟೆಲ್-ಟೇಲ್ ಹಾರ್ಟ್’ಗೆ ಆರ್ಥರ್ ಬ್ರೌನ್ ಹಾಡಿದ್ದಾರೆ. ಕೊಂದವನು ತಾನು ಹುಚ್ಚನಲ್ಲ ಎಂದು ಸಾಧಿಸಲು ಹೊರಟು, ಸಾಧಿಸುವ ಆತುರದಲ್ಲೇ ಹುಚ್ಚನ್ನು ಬಯಲು ಮಾಡಿಕೊಳ್ಳುವ ಕಥೆ ಅದು. ಬ್ರೌನ್ ಕಿರುಚುತ್ತಾರೆ, ಕಕ್ಕುತ್ತಾರೆ, ಸ್ವರ ತಪ್ಪಿದಂತೆ ಮಾಡಿ ಮತ್ತೆ ಹಿಡಿಯುತ್ತಾರೆ. ಮೊದಲ ಬದಿಯಲ್ಲಿ ಪೋನಿಗೆ ಅತಿ ಹತ್ತಿರ ಬಂದ ಹಾಡು ಇದೇ. ಕಾರಣ ಸರಳ: ಇಲ್ಲಿ ಕಥೆಯನ್ನು ಯಾರೋ ವರದಿ ಮಾಡುತ್ತಿಲ್ಲ, ಅಪರಾಧಿಯೇ ಎದುರು ನಿಂತಿದ್ದಾನೆ.

‘ದ ಕ್ಯಾಸ್ಕ್ ಆಫ್ ಅಮೊಂಟಿಲಾಡೊ’ ವಿಷಯದಲ್ಲಿ ನನಗೆ ಅರ್ಧ ಮೆಚ್ಚುಗೆ, ಅರ್ಧ ತಕರಾರು. ಜಾನ್ ಮೈಲ್ಸ್ ಮತ್ತು ಟೆರಿ ಸಿಲ್ವೆಸ್ಟರ್‌ರ ಕಂಠ ಜೇನಿನ ಹಾಗಿದೆ. ಇಷ್ಟು ಸಿಹಿಯಾಗಿ ಕೊಲೆ ಹಾಡುವುದೇ ಎಂದು ಕೇಳುವವರಿದ್ದಾರೆ. ಕಥೆ ಓದಿ ನೋಡಿ: ಕೊಲೆಗಾರ ಮಾಂಟ್ರೆಸರ್ ಕೊನೆಯ ತನಕ ಮರ್ಯಾದೆ ಬಿಡುವುದಿಲ್ಲ. ಗೆಳೆಯನ ಕೆಮ್ಮಿಗೆ ಮರುಗುತ್ತಾನೆ, ವಾಪಸು ಹೋಗೋಣ ಅನ್ನುತ್ತಾನೆ, ಆಮೇಲೆ ಅವನನ್ನು ಗೋಡೆಗೆ ಸರಪಳಿ ಹಾಕಿ ಬಿಗಿದು 11 ವರಸೆ ಕಲ್ಲು ಕಟ್ಟಿ ಮುಚ್ಚುತ್ತಾನೆ. ಸಿಹಿ ದನಿ ಅವನಿಗೆ ಸರಿಯಾಗಿ ಒಪ್ಪುತ್ತದೆ. ತಪ್ಪಿದ್ದು ಆರ್ಕೆಸ್ಟ್ರಾ ಎದ್ದು ನಿಲ್ಲುವಲ್ಲಿ. ಮೂಲದಲ್ಲಿ ಗೋಡೆಯ ಕೊನೆಯ ಸಂದಿನಿಂದ ಹೊರಬರುವುದು ಕಿರುಚಾಟವಲ್ಲ, ಉತ್ಸವಕ್ಕೆ ಹಾಕಿಕೊಂಡಿದ್ದ ಕೋಡಂಗಿ ಟೊಪ್ಪಿಯ ಗೆಜ್ಜೆಯ ಸದ್ದು ಮಾತ್ರ. ಅಷ್ಟು ಸಣ್ಣ ಸದ್ದಿನ ಮುಂದೆ ಈ ಭಾರಿ ವಾದ್ಯಮೇಳ ಸೋಲುತ್ತದೆ. ‘ಡಾಕ್ಟರ್ ಟಾರ್ ಅಂಡ್ ಪ್ರೊಫೆಸರ್ ಫೆದರ್’ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 37ನೇ ಸ್ಥಾನದವರೆಗೆ ಏರಿದ ಹಾಡು. ಹುಚ್ಚಾಸ್ಪತ್ರೆಯ ರೋಗಿಗಳೇ ಕಾವಲುಗಾರರನ್ನು ಕೂಡಿಹಾಕಿ ಆಡಳಿತ ನಡೆಸುವ ಆ ಕಥೆ ಪೋನ ಲೆಕ್ಕದಲ್ಲೇ ತಮಾಷೆಯದು. ಕುಣಿಸುವ ತಾಳ ಸರಿಯಾಗಿಯೇ ಇದೆ.

ಈಗ ಎರಡನೇ ಬದಿ. ಅಲ್ಲಿನ ‘ಅಷರ್’ಗೆ ಐದು ಭಾಗ: ‘ಪ್ರಿಲ್ಯೂಡ್’, ‘ಅರೈವಲ್’, ‘ಇಂಟರ್‌ಮೆಟ್ಸೊ’, ‘ಪವಾನ್’, ‘ಫಾಲ್’.

ಅಷರ್ ಕಥೆ 1839ರದ್ದು, ಸುಮಾರು 7,000 ಪದ. ಅದರಲ್ಲಿ ಘಟನೆ ಕಡಿಮೆ: ರಾಡ್ರಿಕ್ ಅಷರ್‌ನ ಮನೆಗೆ ಗೆಳೆಯ ಬರುತ್ತಾನೆ, ಅಷರ್‌ನ ಅವಳಿ ಸೋದರಿ ಮ್ಯಾಡಲಿನ್ ಸತ್ತಳೆಂದು ನೆಲಮಾಳಿಗೆಯಲ್ಲಿ ಇಡುತ್ತಾರೆ, ಬಿರುಗಾಳಿಯ ರಾತ್ರಿ ಅವಳು ಎದ್ದು ಬರುತ್ತಾಳೆ, ಮನೆ ಬಿರುಕು ಬಿಟ್ಟು ಎದುರಿನ ಕೆರೆಯಲ್ಲಿ ಮುಳುಗುತ್ತದೆ. ಉಳಿದದ್ದೆಲ್ಲ ಕಿವಿಯ ಸಂಗತಿ. ರಾಡ್ರಿಕ್ ಅಷರ್‌ನ ಕಾಯಿಲೆಯೇ ಇಂದ್ರಿಯಗಳು ಮಿತಿ ಮೀರಿ ಚುರುಕಾಗಿರುವುದು. ಕೆಲವು ತಂತಿವಾದ್ಯಗಳ ನಾದ ಬಿಟ್ಟರೆ ಬೇರೆ ಯಾವ ಸದ್ದೂ ಅವನಿಗೆ ಸಹಿಸದು. ಅವನು ಗಿಟಾರ್ ನುಡಿಸುತ್ತಾನೆ. ಕಥೆಯ ತಲೆಬರಹದ ಕೆಳಗೆ ಪೋ ಇಟ್ಟ ಫ್ರೆಂಚ್ ಸಾಲುಗಳು, ಮುಟ್ಟಿದರೆ ಮಿಡಿಯುವ ತೂಗುಹಾಕಿದ ವೀಣೆಯಂಥ ಹೃದಯದ ಬಗ್ಗೆ. ಇಷ್ಟು ನೆನಪಿಟ್ಟುಕೊಂಡು ‘ಪವಾನ್’ ಭಾಗವನ್ನು ಕೇಳಿ. ಪವಾನ್ ಎಂದರೆ ಯುರೋಪಿನ ಅರಮನೆಗಳ ಹಳೆಯ ನಿಧಾನಗತಿಯ ಕುಣಿತ. ಕೊನೆ ಮುಟ್ಟಿದ ಮನೆತನಕ್ಕೆ ತಕ್ಕ ನಡೆ. ಅಲ್ಲಿ ಮುಂದೆ ಬಂದು ಕೂತಿರುವುದು ತಂತಿಗಳೇ: ಗಿಟಾರ್, ಹಾರ್ಪ್, ಮ್ಯಾಂಡೊಲಿನ್, ನಮ್ಮ ಸಂತೂರಿನಂತೆ ಕೋಲಿನಲ್ಲಿ ಬಡಿಯುವ ಹಂಗೇರಿಯ ಸಿಂಬಾಲಂ, ಫಿನ್‌ಲೆಂಡಿನ ಕಾಂಟೆಲೆ. ಅಷರ್‌ನ ಕಿವಿ ತಡೆದುಕೊಳ್ಳುವ ಸದ್ದುಗಳು ಮಾತ್ರ. ಕಥೆಯನ್ನು ಹೇಳುವ ಬದಲು ರೋಗಿಯ ಕಿವಿಯೊಳಗೆ ನಮ್ಮನ್ನು ಕೂರಿಸಿದ್ದಾರೆ. ಇದನ್ನು ಬೋರು ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

‘ಪ್ರಿಲ್ಯೂಡ್’ನ ಬೇರು ಇನ್ನೂ ಹಿಂದಿದೆ. ಫ್ರೆಂಚ್ ಸಂಗೀತಗಾರ ಕ್ಲೋಡ್ ಡೆಬ್ಯುಸಿ ಇದೇ ಕಥೆಯನ್ನು ಆಪೆರಾ ಮಾಡಲು 1908ರಿಂದ 1917ರವರೆಗೆ ಹೆಣಗಿ, ಮುಗಿಸದೆ 1918ರಲ್ಲಿ ತೀರಿಕೊಂಡ. ಪವೆಲ್ ಬರೆದ ಆರ್ಕೆಸ್ಟ್ರಾದಲ್ಲಿ ಆ ಅಪೂರ್ಣ ಕೃತಿಯ ನೆರಳು ನಿಚ್ಚಳವಾಗಿದೆ. ಆಲ್ಬಂ ಮೇಲೆ ಡೆಬ್ಯುಸಿಯ ಹೆಸರು ಇಲ್ಲದಿರುವುದು ಸರಿಯಲ್ಲ, ಇರಬೇಕಿತ್ತು.

ಒಂದು ತಪ್ಪನ್ನೂ ಹೇಳಲೇಬೇಕು. ‘ಪ್ರಿಲ್ಯೂಡ್’ನಿಂದ ‘ಅರೈವಲ್’ಗೆ ಹೊರಳುವಲ್ಲಿ ಗುಡುಗು, ಮಳೆ. ಪೋನ ಮೊದಲ ವಾಕ್ಯದಲ್ಲೇ ಆ ದಿನ ಮಬ್ಬಾಗಿತ್ತು, ಕತ್ತಲಾಗಿತ್ತು, ಸದ್ದೇ ಇರಲಿಲ್ಲ ಎಂದಿದೆ. ಬಿರುಗಾಳಿ ಬರುವುದು ಕಥೆಯ ಕೊನೆಗೆ. ಗುಡುಗನ್ನು ಮೊದಲೇ ಖರ್ಚು ಮಾಡಿದ್ದರಿಂದ ಕೊನೆಯ ‘ಫಾಲ್’ಗೆ ಹೊಸ ಬಂಡವಾಳ ಬೇಕಾಯಿತು. ಅದನ್ನು ಅವರು ಅಪಸ್ವರದಲ್ಲಿ ಹುಡುಕಿದರು: ಒಂದು ನಿಮಿಷದ ‘ಇಂಟರ್‌ಮೆಟ್ಸೊ’, 51 ಸೆಕೆಂಡಿನ ‘ಫಾಲ್’, ಎರಡರಲ್ಲೂ ಆರ್ಕೆಸ್ಟ್ರಾ ರಾಗ ಬಿಟ್ಟು ಬರೀ ಗೋಜಲಾಗುತ್ತದೆ. ನೂರಾರು ವರ್ಷದ ಮನೆ ಒಂದು ನಿಮಿಷದೊಳಗೆ ಬೀಳುತ್ತದೆ. ಕಥೆಯಲ್ಲೂ ಹಾಗೆಯೇ, ಕೊನೆಯ ಒಂದೇ ಪ್ಯಾರಾ.

ಯಾವ ಆವೃತ್ತಿ ಕೇಳಬೇಕು ಅನ್ನುವುದು ಇಲ್ಲಿ ಸಣ್ಣ ಪ್ರಶ್ನೆ ಅಲ್ಲ. 1987ರ ಸಿಡಿಗಾಗಿ ಪಾರ್ಸನ್ಸ್ ಇಡೀ ಆಲ್ಬಂ ಮತ್ತೆ ಮಿಕ್ಸ್ ಮಾಡಿದರು. ಹೊಸ ಗಿಟಾರ್ ಸೇರಿಸಿದರು, ಡಿಜಿಟಲ್ ಪ್ರತಿಧ್ವನಿ ಧಾರಾಳವಾಗಿ ಸುರಿದರು, ಅಮೆರಿಕದ ನಟ, ನಿರ್ದೇಶಕ ಆರ್ಸನ್ ವೆಲ್ಸ್‌ರ ವಾಚನ ಹಾಕಿದರು. ವೆಲ್ಸ್ ಟೇಪ್ ಕಳಿಸಿದ್ದು 1976ರಲ್ಲೇ, ಆದರೆ ಅದು ತಲುಪುವ ಹೊತ್ತಿಗೆ ಆಲ್ಬಂ ಅಚ್ಚಾಗಿತ್ತು. ಅವರ ದನಿ ಅದ್ಭುತ, ಅದನ್ನು ಅಲ್ಲಗಳೆಯಲಾರೆ. ಆದರೂ ನನ್ನ ಮತ 1976ಕ್ಕೆ. ಪ್ರತಿಧ್ವನಿ ಹೆಚ್ಚಾದಾಗ ಎಲ್ಲ ವಾದ್ಯಗಳೂ ಒಂದೇ ದೊಡ್ಡ ಹಾಲಿನಲ್ಲಿ ಇದ್ದಂತಾಗುತ್ತವೆ. ಪೋನ ಕಥೆಗಳಿಗೆ ಬೇಕಾದದ್ದು ಇಕ್ಕಟ್ಟು, ನೆಲಮಾಳಿಗೆ, ಮುಚ್ಚಿದ ಕೋಣೆ. ಜೊತೆಗೆ ಪೀಠಿಕೆಯ ಮಾತು ಬಂದ ಕೂಡಲೇ ‘ಪ್ರಿಲ್ಯೂಡ್’ನ ಮೌನ ಹಿನ್ನೆಲೆ ಸಂಗೀತದ ಮಟ್ಟಕ್ಕೆ ಇಳಿಯುತ್ತದೆ. ಗುರುತು ಹಿಡಿಯುವುದು ಸುಲಭ: ಮೊದಲ ಟ್ರ್ಯಾಕ್ ‘ಎ ಡ್ರೀಮ್ ವಿದಿನ್ ಎ ಡ್ರೀಮ್’ನಲ್ಲಿ ಯಾರಾದರೂ ಮಾತಾಡಿದರೆ ಅದು 1987ರದ್ದು. 2007ರ ಎರಡು ಸಿಡಿಯ ಆವೃತ್ತಿಯಲ್ಲಿ ಎರಡೂ ಇವೆ.

ಮೊಬೈಲಿನಲ್ಲಿ ಕೇಳುವವರು ಮೂರು ಸೆಟ್ಟಿಂಗ್ ನೋಡಿಕೊಳ್ಳಿ. ಶಫಲ್ ಬೇಡ ಎಂದು ಬೇರೆ ಹೇಳಬೇಕಿಲ್ಲ. ಟ್ರ್ಯಾಕ್‌ಗಳನ್ನು ಒಂದರೊಳಗೊಂದು ಬೆರೆಸುವ ಕ್ರಾಸ್‌ಫೇಡ್ ಆಫ್ ಮಾಡಿ, ಟ್ರ್ಯಾಕ್‌ಗಳ ನಡುವೆ ಬಿಡುವಿಲ್ಲದೆ ನುಡಿಸುವ ಗ್ಯಾಪ್‌ಲೆಸ್ ಆನ್ ಮಾಡಿ. ಎಂಪಿ3 ಕಡತ 1152 ಸ್ಯಾಂಪಲ್‌ಗಳ ತುಂಡುಗಳಲ್ಲಿ ಕಟ್ಟಿರುತ್ತದೆ, ಅಂದರೆ ಸಿಡಿ ಗುಣಮಟ್ಟದಲ್ಲಿ ತುಂಡಿಗೆ ಸುಮಾರು 26 ಮಿಲಿಸೆಕೆಂಡ್. ಹಾಡು ಆ ಲೆಕ್ಕಕ್ಕೆ ಸರಿಯಾಗಿ ಮುಗಿಯದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬುತ್ತದೆ. ಹಳೆಯ ಪ್ಲೇಯರ್‌ನಲ್ಲಿ ಮೊದಲ ಟ್ರ್ಯಾಕ್ ನಿಲ್ಲದೆ ‘ರೇವನ್’ಗೆ ಕೂಡಿಕೊಳ್ಳುವ ಜಾಗದಲ್ಲಿ ಟಕ್ ಎಂದು ತುಂಡಾಗುವುದು ಇದರಿಂದಲೇ. ಮೂರನೆಯದು ಧ್ವನಿಮಟ್ಟವನ್ನು ತಾನೇ ಸರಿಹೊಂದಿಸುವ ಆಯ್ಕೆ. ಅದು ಟ್ರ್ಯಾಕ್ ಟ್ರ್ಯಾಕಿಗೂ ಕೆಲಸ ಮಾಡಿದರೆ ಮೆಲ್ಲನೆಯ ಭಾಗವನ್ನು ಎತ್ತಿ ಜೋರಿನದನ್ನು ತಗ್ಗಿಸಿ ಅಷರ್‌ನ ಮನೆಯನ್ನು ಮಟ್ಟ ಮಾಡಿಬಿಡುತ್ತದೆ, ಅದನ್ನೂ ಆಫ್ ಮಾಡಿ. ‘ಪ್ರಿಲ್ಯೂಡ್’ನ ಆರಂಭ ಫ್ಯಾನ್ ಸದ್ದಿನ ಮೇಲೆ ಕಷ್ಟಪಟ್ಟು ಕೇಳುವಷ್ಟು ವಾಲ್ಯೂಮ್ ಇಟ್ಟು ಮತ್ತೆ ಮುಟ್ಟಬೇಡಿ, ‘ಅರೈವಲ್’ನ ಆರ್ಗನ್ ಬಂದಾಗ ಬೆಚ್ಚಿಬೀಳಬೇಕು. ಬದಿ ತಿರುಗಿಸುವ ಮುಂಚೆ ಅಷರ್ ಕಥೆ ಪೂರ್ತಿ ಓದಿರಿ. ಪೋನ ಬರಹಗಳಿಗೆ ಹಕ್ಕುಸ್ವಾಮ್ಯವಿಲ್ಲ, ಪುಕ್ಕಟೆ ಸಿಗುತ್ತವೆ.

ಎಲ್‌ಪಿ ಇಟ್ಟುಕೊಂಡವರಿಗೆ ಕೊನೆಯ ಹಾಡಿನ ಬಗ್ಗೆ ಒಂದು ಮಾತು. ಮನೆ ಬಿದ್ದ ಮೇಲೆ ಬರುವ ‘ಟು ಒನ್ ಇನ್ ಪ್ಯಾರಡೈಸ್’ ಟೆರಿ ಸಿಲ್ವೆಸ್ಟರ್‌ರ ಮೃದು ಗಾಯನ. ಅದು ಕೂತಿರುವುದು ತಟ್ಟೆಯ ಅತಿ ಒಳಗಿನ ಗೆರೆಗಳಲ್ಲಿ. 33⅓ ಸುತ್ತಿನ ವೇಗದಲ್ಲಿ ಹೊರ ಅಂಚಿನ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡಿದರೆ ಒಳಗಿನದು 21 ಮಾತ್ರ. ಅದೇ ‘ಸ’ಕಾರ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿಕೊಂಡಿರುತ್ತದೆ, ಮುಳ್ಳು ಚೂರು ಓರೆಯಾಗಿದ್ದರೂ ಉಸ್ ಎಂದು ಸೀಳುತ್ತದೆ. ಹಾಗೆ ಕೇಳಿದರೆ ರೆಕಾರ್ಡ್ ಸವೆದಿದೆ ಎಂದು ಬಿಸಾಡಬೇಡಿ. ಮೊದಲು ಮುಳ್ಳಿನ ಧೂಳು ತೆಗೆಯಿರಿ. ಆಮೇಲೆ ಅಳತೆಯ ಹಾಳೆ ಇಟ್ಟು ನಡುವಿನ ಕಡ್ಡಿಯಿಂದ 66 ಮತ್ತು 120.9 ಮಿಲಿಮೀಟರ್ ದೂರದ ಎರಡು ಬಿಂದುಗಳಲ್ಲಿ ಮುಳ್ಳು ಕೂರಿಸಿದ ಕಾರ್ಟ್ರಿಜ್ ಗೆರೆಗೆ ನೇರವಾಗಿದೆಯೇ ನೋಡಿ, ತಿರುಪು ಸಡಿಲಿಸಿ ಸರಿಪಡಿಸಿ, ಈ ಹಾಡನ್ನೇ ಮತ್ತೆ ಹಾಕಿ ಕೇಳಿ.